ಮಾಳಾದ ಮೇಲಿನ ಕಾಲು ಡಬ್ಬಿ

ಮುಂಬಯಿ ಬಳಿಯ ಡೊಂಬಿವಲಿಯ ಫ್ಲ್ಯಾಟುಗಳಲ್ಲಿ ಮೇ ತಿಂಗಳು ಬಂತೆಂದರೆ ಕಿಟಕಿ ಗ್ರಿಲ್ಲಿಗೆ ಬಣ್ಣ. ಮಳೆ ಹಿಡಿಯುವ ಮೊದಲು ತುಕ್ಕು ಕೆರೆದು, ರೆಡ್ ಆಕ್ಸೈಡ್ ಹೊಡೆದು, ಮೇಲೆ ಎನಾಮೆಲ್. ಕೆಲಸಕ್ಕೆ ಬೇಕಾದದ್ದು ಮುಕ್ಕಾಲು ಲೀಟರ್, ತಂದದ್ದು ಒಂದು ಲೀಟರ್. ಉಳಿದ ಕಾಲು ಡಬ್ಬಿಯನ್ನು ಮನೆಯ ಯಜಮಾನರು "ಇರಲಿ, ಬೇಕಾಗ್ತದೆ" ಎಂದು ಬಾತ್‌ರೂಮಿನ ಮೇಲಿನ ಮಾಳಾಕ್ಕೆ, ಅಂದರೆ ಅಟ್ಟಕ್ಕೆ, ಗಣಪತಿ ಕೂರಿಸುವ ಅಲಂಕಾರದ ಮಂಟಪವಾದ ಮಖರದ ಪಕ್ಕಕ್ಕೆ ಏರಿಸುತ್ತಾರೆ. ಬೇಕಾದ ದಿನ ಇಳಿಸಿ ತೆಗೆದರೆ ಒಳಗೆ ರಬ್ಬರ್. ಬೈಗುಳ ಮಾತ್ರ ಅಂಗಡಿಯವನಿಗೆ.

ಅವನದೇನೂ ತಪ್ಪಿಲ್ಲ. ಎನಾಮೆಲ್ ಗಟ್ಟಿಯಾಗುವುದು ಟರ್ಪೆಂಟೈನ್ ಆರುವುದರಿಂದಷ್ಟೇ ಅಲ್ಲ. ಅದರಲ್ಲಿರುವ ಆಲ್ಕಿಡ್ ರಾಳ ಗಾಳಿಯ ಆಮ್ಲಜನಕ ಹೀರಿಕೊಂಡು ಬಿಗಿಯುತ್ತದೆ. ಬೇಗ ಬಿಗಿಯಲಿ ಎಂದು ತಯಾರಕರೇ ಕೋಬಾಲ್ಟ್‌ನಂಥ ಡ್ರೈಯರ್ ಬೆರೆಸಿರುತ್ತಾರೆ. ಗ್ರಿಲ್ ಮೇಲೆ ಮಾಡಬೇಕಾದ ಕೆಲಸವನ್ನು ಅದು ಡಬ್ಬಿಯೊಳಗೂ ಅಷ್ಟೇ ನಿಷ್ಠೆಯಿಂದ ಮಾಡುತ್ತದೆ. ಲೀಟರ್ ಡಬ್ಬಿಯಲ್ಲಿ 200 ಮಿಲಿ ಬಣ್ಣ ಉಳಿಸಿದರೆ, ಜೊತೆಗೆ 800 ಮಿಲಿ ಗಾಳಿಯನ್ನೂ ಕೂಡಿಹಾಕಿದ ಹಾಗಾಯಿತು. ಅದರಲ್ಲಿ ಐದನೇ ಒಂದು ಪಾಲು ಆಮ್ಲಜನಕ. "ಸರಿಯಿದೆಯಾ ನೋಡೋಣ" ಎಂದು ಆಗಾಗ ಮುಚ್ಚಳ ತೆಗೆಯುವವರು ಅದಕ್ಕೆ ಹೊಸ ಗಾಳಿಯನ್ನೂ ತುಂಬಿಸುತ್ತಾರೆ.

ಆದ್ದರಿಂದ ಮೊದಲ ಉಪಾಯ ಸಣ್ಣ ಪಾತ್ರೆ. ತೊಳೆದು ಚೆನ್ನಾಗಿ ಒಣಗಿಸಿದ ಗಾಜಿನ ಬಾಟಲಿಗೆ ಕತ್ತಿನವರೆಗೆ ಸುರಿಯಿರಿ. ಬಾಯಿಗೆ ಹಾಲಿನ ಪ್ಯಾಕೆಟ್ಟಿನ ಒಂದು ತುಂಡು ಇಟ್ಟು ಮುಚ್ಚಳ ತಿರುಗಿಸಿದರೆ ಮುಂದೆ ಅಂಟಿ ಕೂರುವುದಿಲ್ಲ. ಹೊರಗೆ ಶೇಡ್, ತಾರೀಕು, "ಪೇಂಟ್" ಎಂದು ದಪ್ಪಕ್ಷರದಲ್ಲಿ ಬರೆಯಲೇಬೇಕು. ಉಪ್ಪಿನಕಾಯಿ ಬಾಟಲಿಯಲ್ಲಿ ಕೂತ ಡಾರ್ಕ್ ಬ್ರೌನ್ ಎನಾಮೆಲ್ ನೋಡಲು ಹುಣಸೆ ಗೊಜ್ಜೇ. ಊರಿಂದ ಬಂದ ಅತ್ತೆಯವರು ಚಮಚ ಹಾಕುವ ಮೊದಲು ಮೂಸಿ ನೋಡಿಯಾರು ಎಂದು ನಂಬಿ ಕೂರಲಾಗದು.

ಡಬ್ಬಿಯಲ್ಲೇ ಇಡುವ ಹಟವಿದ್ದರೆ ಗಮನವೆಲ್ಲ ಮುಚ್ಚಳ ಕೂರುವ ಅಂಚಿನ ತೋಡಿನ ಮೇಲಿರಲಿ. ಬ್ರಷ್ ಒರೆಸಿದ ಬಣ್ಣ ಅಲ್ಲೇ ನಿಂತು ಒಣಗುತ್ತದೆ. ಆಮೇಲೆ ಮುಚ್ಚಳ ಪೂರ್ತಿ ಇಳಿಯುವುದಿಲ್ಲ. ಹೊಸ ಡಬ್ಬಿ ತೆಗೆದ ಕೂಡಲೇ ತೋಡಿನಲ್ಲಿ ಮೊಳೆಯಿಂದ ನಾಲ್ಕೈದು ತೂತು ಹೊಡೆದರೆ ಬಣ್ಣ ತಾನಾಗಿ ಒಳಗೆ ಇಳಿಯುತ್ತದೆ, ಮುಚ್ಚಳ ಕೂತಾಗ ತೂತೂ ಮುಚ್ಚಿಹೋಗುತ್ತದೆ. ಮುಚ್ಚುವ ಮೊದಲು ಟರ್ಪೆಂಟೈನ್ ಬಟ್ಟೆಯಲ್ಲಿ ಅಂಚು ಒರೆಸಿ. ಬಣ್ಣದ ಮೇಲೆ ಎರಡು ಚಮಚ ಟರ್ಪೆಂಟೈನ್ ಬದಿಯಿಂದ ಮೆಲ್ಲಗೆ ಬಿಟ್ಟು, ಕಲಕದೆ ಮುಚ್ಚಿ. ಕಲಕುವುದು ಮುಂದಿನ ಸಲ. ಅಂಗಡಿಯಲ್ಲಿ ಬರೀ "ಥಿನ್ನರ್" ಎಂದು ಕೇಳಿದರೆ ಲ್ಯಾಕರ್ ಬಣ್ಣಕ್ಕೆ ಬೆರೆಸುವ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್ ಕೈಗಿತ್ತಾರು. ಅದು ಎನಾಮೆಲ್ಲಿಗೆ ಆಗಿಬರುವುದಿಲ್ಲ.

ಮುಚ್ಚಳದ ನಡುವಿಗೆ ಸುತ್ತಿಗೆ ಏಟು ಕೊಟ್ಟರೆ ನಡು ಕುಸಿದು ಅಂಚು ಏಳುತ್ತದೆ. ಮೇಲೆ ಹತ್ತಿ ನಿಲ್ಲುವ ಪೈಲ್ವಾನರೂ ಇದ್ದಾರೆ. ಮರದ ತುಂಡನ್ನು ಅಡ್ಡ ಇಟ್ಟು, ಎದುರುಬದುರು ಅಂಚಿಗೆ ಸರದಿಯಂತೆ ತಟ್ಟಬೇಕು. ಪೇಪರ್ ಮೇಲೆ ಒಂದು ನಿಮಿಷ ತಲೆಕೆಳಗೆ ಮಾಡಿ ನೋಡಿ. ಸೋರದಿದ್ದರೆ ಹಾಗೆಯೇ ಇಡಬಹುದು. ಕೆನೆ ಕಟ್ಟಿದರೂ ಡಬ್ಬಿ ನೆಟ್ಟಗಿಟ್ಟಾಗ ತಳದಲ್ಲಿರುತ್ತದೆ. ಸೋರಿದರೆ ಮಖರದ ಬಣ್ಣ ಬದಲಾಗುತ್ತದೆ.

ಫ್ರಿಜ್‌ನಲ್ಲಿಡುವ ಬುದ್ಧಿವಂತಿಕೆ ಬೇಡ, ಆವಿಗೆ ಕಿಡಿ ತಾಗಿದರೆ ಕಷ್ಟ. ಗೀಸರ್, ಗ್ಯಾಸ್, ಬಿಸಿಲಿನ ಬಾಲ್ಕನಿಯೂ ಬೇಡ. ಮುಂಬಯಿಯ ಮಳೆಗಾಲದ ತೇವ ಬಣ್ಣಕ್ಕಿಂತ ಮೊದಲು ಡಬ್ಬಿಯ ಅಂಚನ್ನು ತಿನ್ನುತ್ತದೆ. ಆ ತುಕ್ಕಿನ ಪುಡಿ ಬಿಳಿ ಎನಾಮೆಲ್ಲಿಗೆ ಬಿದ್ದರೆ ಶೇಡ್ ಹೋಯಿತು.

ಕೆನೆ ಕಟ್ಟಿಬಿಟ್ಟರೆ ಕಲಸಬೇಡಿ. ಚೂರಾಗಿ ಬಾಗಿಲಿಗೆಲ್ಲ ಮೊಡವೆ. ಅಂಚಿನ ಸುತ್ತ ಚಾಕು ಆಡಿಸಿ ಇಡಿಯಾಗಿ ಎತ್ತಿ ಹಾಕಿ, ಉಳಿದದ್ದನ್ನು ತಳದಿಂದ ಕಲಕಿ ಹಳೇ ನೈಲಾನ್ ಸೀರೆಯ ತುಂಡಲ್ಲಿ ಸೋಸಿ. ಒಳಗೆಲ್ಲ ಮುದ್ದೆಯಾಗಿದ್ದರೆ ಎಷ್ಟು ಟರ್ಪೆಂಟೈನ್ ಸುರಿದರೂ ಅದು ಮತ್ತೆ ಬಣ್ಣವಾಗುವುದಿಲ್ಲ. ಗುಜರಿ ಕೊಳ್ಳುವ ಭಂಗಾರವಾಲಾ ಖಾಲಿ ಡಬ್ಬಿ ಒಯ್ದಾನು, ಮುದ್ದೆಯಿರುವುದನ್ನು ಮುಟ್ಟಲಾರ. 2016ರ ಘನತ್ಯಾಜ್ಯ ನಿಯಮಗಳು ಬಣ್ಣದ ಡಬ್ಬಿಯನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿದ್ದವು. ಆದ್ದರಿಂದ ಸಿಂಕಿಗೂ ಹಸಿ ಕಸಕ್ಕೂ ಹಾಕದೆ ಬೇರೆಯಾಗಿಯೇ ಕೊಡಬೇಕು. ಬಾಗಿಲಿನ ಒಂದು ಗೀರು ಮುಚ್ಚುವುದಷ್ಟೇ ಕೆಲಸವಾದರೆ 100 ಮಿಲಿ ಡಬ್ಬಿ ಮೂಲೆಯ ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ.