ಮರಿ ಕೊಡುವ ಮುಹೂರ್ತ

ಬೆಕ್ಕಿನ ಮರಿಗಳು ಕಣ್ಣು ಬಿಡಲು ಒಂದೆರಡು ವಾರ ಬೇಕು. ನಮ್ಮ ಮನೆಯಲ್ಲಿ ಅಷ್ಟರೊಳಗೇ ಎಲ್ಲ ಮರಿಗಳಿಗೂ ಗಿರಾಕಿಗಳು ಗೊತ್ತಾಗಿದ್ದರು. ಎದುರುಮನೆಯ ರಾಯರಿಗಂತೂ ಅವಸರವೋ ಅವಸರ. ಚಿಕ್ಕದಿದ್ದಾಗಲೇ ತಂದರೆ ಚೆನ್ನಾಗಿ ಒಗ್ಗಿಕೊಳ್ಳುತ್ತದೆ ಎಂಬುದು ಅವರ ಸಿದ್ಧಾಂತ. ಎಂಟು ವಾರವಾದರೂ ತಾಯಿಯ ಬಳಿ ಇರಲಿ, ಹನ್ನೆರಡಾದರೆ ಇನ್ನೂ ಒಳ್ಳೆಯದು ಎಂದರೆ, "ಏನು, ಪದವಿ ಮುಗಿಸಿಕೊಂಡು ಬರಬೇಕೇ?" ಎಂದರು.

ಪಾಠವಿರುವುದಂತೂ ನಿಜ. ತಿಂಗಳಾಗುವ ಹೊತ್ತಿಗೆ ಮರಿಗಳಿಗೆ ಸೂಜಿಯಂಥ ಹಲ್ಲು ಬಂದಿದ್ದವು. ತಾಯಿ ಸಾಕೆಂದು ಎದ್ದರೂ ಬಿಡದೆ ಒಂದು ಮರಿ ಮೊಲೆ ಕಚ್ಚಿಕೊಂಡೇ ಅಡುಗೆಮನೆಯವರೆಗೂ ಜೋತಾಡುತ್ತ ಬರುತ್ತಿತ್ತು. ಅಲ್ಲಿ ಮೂತಿಗೊಂದು ಏಟು. ತಾಯಿ ಫ್ರಿಜ್ಜಿನ ಮೇಲೆ. ಗತಿಯಿಲ್ಲದೆ ಮರಿಗಳು ಮೀನು ಕಲಸಿದ ಅನ್ನದ ತಟ್ಟೆಗೆ ಬಂದು, ಮೊದಲು ಅದರೊಳಗೆ ಕುಳಿತು, ಆಮೇಲೆ ತಮ್ಮ ಕಾಲು ನೆಕ್ಕಿ ರುಚಿ ಕಂಡುಕೊಂಡವು. ಎಷ್ಟು ಜೋರಾಗಿ ಕಚ್ಚಬಹುದು ಎಂಬುದನ್ನು ಒಂದರ ಬಾಲ ಇನ್ನೊಂದು ಕಚ್ಚಿ, ತಿರುಗಿ ಕಚ್ಚಿಸಿಕೊಂಡು ಕಲಿತವು. ಹೆಲ್ಸಿಂಕಿ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದು ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಚಾಡಿ ಸಂಗ್ರಹಿಸಿದ್ದಾರೆ: ಎಂಟು ವಾರಕ್ಕೆ ಮೊದಲೇ ತಾಯಿಯನ್ನು ಬಿಟ್ಟವು ಹೆಚ್ಚು ಜಗಳಗಂಟಿಗಳು. ರಾಯರ ಮುಂದೆ ಫಿನ್ಲೆಂಡಿನ ಸಾಕ್ಷ್ಯ ನಡೆಯಲಿಲ್ಲ.

ತೆಂಗಲೆ ಶ್ರೀವೈಷ್ಣವರು ಶರಣಾಗತಿಗೆ ಮಾರ್ಜಾಲಕಿಶೋರ ನ್ಯಾಯವನ್ನು ಹೇಳುತ್ತಾರೆ. ಮರಿ ಸುಮ್ಮನಿದ್ದರೆ ಸಾಕು, ಕತ್ತು ಕಚ್ಚಿ ಒಯ್ಯುವುದು ತಾಯಿಯ ಹೊಣೆ. ಒಯ್ಯುವವರು ರಾಯರಾದರೆ ಏನು ಗತಿ ಎಂಬುದಕ್ಕೆ ಅಲ್ಲಿ ಪರಿಹಾರವಿಲ್ಲ. ನಾನು ಊರಿನಲ್ಲಿಲ್ಲದ ಸಮಯ ನೋಡಿ, ನಮ್ಮ ಮನೆಯವರ ದಾಕ್ಷಿಣ್ಯದ ಮೇಲೆ ಸವಾರಿ ಮಾಡಿ, ಒಂದು ಮರಿಯನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಹೋಗಿಯೇ ಬಿಟ್ಟರು.

ಕುಡಿಸಿದ ಹಸುವಿನ ಹಾಲು ಮರಿಗೆ ಜೀರ್ಣವಾಗದೆ ದಿವಾನದ ಹಾಸಿಗೆಗೆ ಸಂದಿತು. ನಡುರಾತ್ರಿಯವರೆಗೆ ಅರಚಿದ ಮರಿ, ಕೊನೆಗೆ ತಾಯಿಯನ್ನು ಹುಡುಕುತ್ತ ಬಂದು ರಾಯರ ಕಿವಿಯ ಹಾಲೆಯನ್ನೇ ಹಿಡಿದು ಚೀಪತೊಡಗಿತಂತೆ. ಬೆಳಕು ಹರಿಯುವ ಮೊದಲೇ ಅರಿಶಿನ ಮೆತ್ತಿದ ಕಿವಿಯೊಂದಿಗೆ ರಾಯರು ನಮ್ಮ ಬಾಗಿಲಲ್ಲಿದ್ದರು. ಮರಿಯ ಮೈಯಿಂದ ಬಂದ ಅಮೃತಾಂಜನದ ಘಾಟಿಗೆ ತಾಯಿ ಒಮ್ಮೆ ಬುಸ್ಸೆಂದು, ಆಮೇಲೆ ಕಿವಿಯಿಂದ ಬಾಲದವರೆಗೆ ನೆಕ್ಕಿ ತೊಳೆದಳು.

ಹನ್ನೆರಡನೆಯ ವಾರ, ನನ್ನ ಸಮಕ್ಷಮದಲ್ಲೇ, ಅದೇ ಮರಿ ರಾಯರ ಮನೆ ಸೇರಿತು. ಈಗ ಕಿವಿಯ ತಂಟೆಗೆ ಹೋಗುವುದಿಲ್ಲ, ಸೋಫಾ ಹರಿಯುತ್ತದೆ. ಅದು ಯಾವ ವಾರಕ್ಕೆ ನಿಲ್ಲುತ್ತದೆ ಎಂದು ರಾಯರು ದಿನವೂ ಫೋನ್ ಮಾಡಿ ಕೇಳುತ್ತಿದ್ದಾರೆ.