ಪಕ್ಕದ ಬೀದಿಯ ಹೂವು, ಗುರುಗ್ರಾಮದ ದಾರಿಯಾಗಿ

ಮಂಗಳೂರಿನಲ್ಲಿ ಹೂವಿನಂಗಡಿ ಹುಡುಕಲು ಕಣ್ಣಿದ್ದರೆ ಸಾಕು. ರಥಬೀದಿಗೆ ಹೋದರೆ ಸಾಲಾಗಿ ಕೂತಿದ್ದಾರೆ. ಕದ್ರಿ, ಕಂಕನಾಡಿ, ಉರ್ವಸ್ಟೋರ್, ಎಲ್ಲಿ ಬಸ್ಸಿಳಿದರೂ ನಾಲ್ಕು ಹೆಜ್ಜೆಯೊಳಗೆ ಬಾಳೆಲೆಯಲ್ಲಿ ಸುತ್ತಿಟ್ಟ ಮಲ್ಲಿಗೆ ಸಿಗುತ್ತದೆ. ಕಣ್ಣನ್ನು ನಂಬದೆ ಮೊಬೈಲಿನಲ್ಲಿ ಹುಡುಕಿದಾಗಲೇ ತಾಪತ್ರಯ ಶುರು. ‘ನನ್ನ ಹತ್ತಿರದ ಫ್ಲೋರಿಸ್ಟ್’ ಎಂದು ಒತ್ತಿದ ಕೂಡಲೇ ಮೇಲ್ಗಡೆ ಜಾಹೀರಾತಾಗಿ ಬರುವ ಹೆಸರುಗಳಲ್ಲಿ ಹೆಚ್ಚಿನವಕ್ಕೆ ಈ ಊರಿನಲ್ಲಿ ಅಂಗಡಿ ಇಲ್ಲ, ಬೋರ್ಡು ಇಲ್ಲ, ಹೂವಿನ ದಂಟು ಅದ್ದಿಡಲು ಒಂದು ಬಕೆಟ್ ನೀರೂ ಇಲ್ಲ. ಆದರೂ ಅವರು ನಿಮ್ಮ ಹತ್ತಿರದವರು. ‘ಮಂಗಳೂರಿನ ಹೃದಯಭಾಗದಲ್ಲಿರುವ ನುರಿತ ಪುಷ್ಪ ಕಲಾವಿದರು’ ಎಂದು ಅವರ ಪುಟದಲ್ಲೇ ಬರೆದಿದೆ.

ಆ ಹೃದಯಭಾಗ ಎಲ್ಲಿದೆ ಎಂದು ನೋಡಲು ಸುಲಭದ ಉಪಾಯವುಂಟು. ಪುಟದ ವಿಳಾಸದಲ್ಲಿ ಮಂಗಳೂರಿನ ಹೆಸರು ಅಳಿಸಿ ಮೀರತ್ ಎಂದು ಬರೆದು ನೋಡಿ. ಅದೇ ಕಲಾವಿದರು, ಅದೇ ಗುಲಾಬಿ, ಅದೇ ಹೊಗಳಿಕೆ ಪ್ರತ್ಯಕ್ಷವಾದರೆ ನಿಮ್ಮ ಲೋಕಲ್ ಫ್ಲೋರಿಸ್ಟ್ ಏಕಕಾಲದಲ್ಲಿ ಎರಡು ಹೃದಯಭಾಗಗಳಲ್ಲಿ ನೆಲೆಸಿರುವ ಮಹಾಪುರುಷ ಎಂದು ತಿಳಿಯಿರಿ. 2014ರ ನವೆಂಬರ್ 1ರಂದು ಸರಕಾರ ಮ್ಯಾಂಗಲೋರನ್ನು ಮಂಗಳೂರು ಮಾಡಿತಲ್ಲ, ಈ ಮಹಾಪುರುಷರ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಊರು. ಒಂದಕ್ಕೆ ಮೂರು ಗಂಟೆಯಲ್ಲಿ ಹೂ ತಲುಪುತ್ತದೆ, ಇನ್ನೊಂದಕ್ಕೆ ನಾಳೆ.

ವ್ಯವಹಾರ ನಡೆಯುವ ಬಗೆ ಹೀಗೆ. ದುಬೈಯಲ್ಲಿರುವ ಮಗನಿಗೆ ಬಿಜೈಯಲ್ಲಿರುವ ಅಪ್ಪ ಅಮ್ಮನ ಮದುವೆಯ ದಿನ ನೆನಪಾಗುತ್ತದೆ. 24 ಕೆಂಪು ಗುಲಾಬಿ ಇರುವ ಗಾಜಿನ ಹೂದಾನಿಯ ಚಿತ್ರ ಒತ್ತಿ, ಲೆಕ್ಕಕ್ಕೆ ಹಿಡಿಯಿರಿ, 1,200 ರೂಪಾಯಿ ಕಟ್ಟುತ್ತಾನೆ. ದುಡ್ಡು ಗುರುಗ್ರಾಮಕ್ಕೋ ನೊಯ್ಡಾಕ್ಕೋ ಹೋಗುತ್ತದೆ. ಅಲ್ಲಿನ ಕಾಲ್ ಸೆಂಟರ್ ತನ್ನ ಪಾಲು ಇಟ್ಟುಕೊಂಡು ವಾಟ್ಸ್ಯಾಪ್ ಗುಂಪಿನಲ್ಲಿ ‘ಮಂಗಳೂರು, 24 ರೋಸ್, 600ಕ್ಕೆ ಯಾರು?’ ಎಂದು ಕೇಳುತ್ತದೆ. ಇಲ್ಲಿಯ ಒಬ್ಬ ಬಡಪಾಯಿ, ಬೆಳಗ್ಗಿನಿಂದ ವ್ಯಾಪಾರ ಆಗದವನು, ‘ಆಯ್ತು’ ಎನ್ನುತ್ತಾನೆ. ಅವನ ಅಂಗಡಿ ಇರುವುದು ಬಿಜೈಯಲ್ಲೇ, ಆ ಮನೆಯಿಂದ ಎರಡು ಬಸ್‌ಸ್ಟಾಪು ಆಚೆ.

ಆ 600ರಲ್ಲಿ ಅವನು ಹೂ, ಸೊಪ್ಪು, ಸೆಲೊಫೇನ್, ರಿಬ್ಬನ್, ಸ್ಕೂಟರಿನ ಪೆಟ್ರೋಲ್ ಎಲ್ಲ ಹೊಂದಿಸಬೇಕು. ಗಾಜಿನ ಹೂದಾನಿ ಮೊದಲ ಹೆಜ್ಜೆಯಲ್ಲೇ ಮಾಯ. ‘ಚಿತ್ರ ಕೇವಲ ಮಾದರಿಗಾಗಿ’ ಎಂದು ಇರುವೆ ಗಾತ್ರದ ಅಕ್ಷರದಲ್ಲಿ ಮೊದಲೇ ಬರೆದಿತ್ತು. 24 ಗುಲಾಬಿ ಹೇಗೋ ಬರುತ್ತವೆ, ಆದರೆ ಗುಲಾಬಿಗೂ ದರ್ಜೆಯುಂಟು. ದಂಟಿನ ಉದ್ದ ಅಳೆದು 40, 50, 60 ಸೆಂಟಿಮೀಟರ್ ಎಂದು ವಿಂಗಡಿಸಿ, 20ರ ಕಟ್ಟು ಮಾಡಿ ಮಾರುತ್ತಾರೆ. ಚಿತ್ರದಲ್ಲಿ ಇರುವುದು ಅರವತ್ತರದು, ಮೊಗ್ಗು ಮುಷ್ಟಿಯಷ್ಟು. ಬರುವುದು ನಲವತ್ತರದು ಅಥವಾ ಅದಕ್ಕೂ ಗಿಡ್ಡದ್ದು, ಮೊಗ್ಗು ಹೆಬ್ಬೆರಳಿನಷ್ಟು. ಖಾಲಿ ಜಾಗ ತುಂಬಲು ಜಿಪ್ಸಿ, ಗೋಲ್ಡನ್ ರಾಡ್, ಒಂದಿಷ್ಟು ಆಸ್ಪರಾಗಸ್ ಸೊಪ್ಪು. ದೂರದಿಂದ ನೋಡಿದರೆ ಬೊಕೆ, ಹತ್ತಿರದಿಂದ ನೋಡಿದರೆ ಆಡಿನ ಮೇವು.

ಬಾಡಿದ ಹೂ ಬಂತೆಂದು ಅಂಗಡಿಯವನಿಗೆ ಬೈಯುವ ಮೊದಲು ಆ ಗುಲಾಬಿಯ ಪ್ರಯಾಣದ ಕತೆ ಕೇಳಬೇಕು. ಕರಾವಳಿಯ ಸೆಕೆಗೆ ಬೊಕೆಯ ಗುಲಾಬಿ ಬೆಳೆಯುವುದಿಲ್ಲ, ಬರುವುದು ಘಟ್ಟದ ಮೇಲಿನಿಂದ. ಬೆಂಗಳೂರು, ಹೊಸೂರು ಕಡೆಯ ಪಾಲಿಹೌಸುಗಳಲ್ಲಿ ಕೊಯ್ದು, ಹೆಬ್ಬಾಳದ ಹರಾಜು ಕೇಂದ್ರದಲ್ಲೋ ಸಗಟು ಮಂಡಿಯಲ್ಲೋ ಕೈಬದಲಾಗಿ, ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಸೂಟ್‌ಕೇಸುಗಳ ನಡುವೆ ಮಲಗಿ ಸುಮಾರು 350 ಕಿಲೋಮೀಟರ್ ಇಳಿಯುತ್ತದೆ. ಅದು ಇರಬೇಕಾದ ತಂಪು 2ರಿಂದ 4 ಡಿಗ್ರಿ. ಡಿಕ್ಕಿಯಲ್ಲಿ ಅದಕ್ಕೆ ಸಿಗುವುದು ಎಂಜಿನಿನ ಬಿಸಿ. ಮಳೆಗಾಲದಲ್ಲಿ ಸಕಲೇಶಪುರದ ಆಚೆ ದೊಡ್ಡತಪ್ಪಲಿನಲ್ಲಿ ಗುಡ್ಡ ಜರಿದರೆ ಶಿರಾಡಿ ಬಂದ್. ಬಸ್ಸು ಬೇರೆ ಘಟ್ಟ ಸುತ್ತಿಕೊಂಡು ಮಧ್ಯಾಹ್ನಕ್ಕೆ ಬಂದರೆ ಪುಣ್ಯ. ಹೆದ್ದಾರಿ ಇಲಾಖೆ ಗುಡ್ಡ ಕೊರೆದದ್ದಕ್ಕೂ ನಿಮ್ಮ ಅಮ್ಮನ ಬೊಕೆ ಬಾಡಿದ್ದಕ್ಕೂ ಹೀಗೊಂದು ನಂಟು.

ತಂಪಿನಲ್ಲಿದ್ದ ಹೂವನ್ನು ಥಟ್ಟನೆ ಮಂಗಳೂರಿನ ಗಾಳಿಗೆ ತೆಗೆದರೆ ಎಸಳಿನ ಮೇಲೆ ನೀರು ಕಟ್ಟುತ್ತದೆ, ಅಲ್ಲಿಂದಲೇ ಬೂದು ಬೂಷ್ಟು, ಕಂದು ಚುಕ್ಕೆ. ಅಂಗಡಿಯವನು ಚುಕ್ಕೆ ಬಿದ್ದ ಹೊರಗಿನ ಎಸಳು ಮೂರ್ನಾಲ್ಕನ್ನು ಕಿತ್ತು ಬಿಸಾಡುತ್ತಾನೆ. ಹೂ ಚೊಕ್ಕ ಕಾಣುತ್ತದೆ, ಗಾತ್ರ ಇನ್ನಷ್ಟು ಇಳಿಯುತ್ತದೆ. ಜರ್ಬೆರಾ ಆದರೆ ಕುತ್ತಿಗೆ ಬಗ್ಗುವುದು ಅದರ ಹುಟ್ಟುಗುಣ, ಅದಕ್ಕೇ ದಂಟಿಗೆ ಜ್ಯೂಸ್ ಸ್ಟ್ರಾ ತೊಡಿಸಿ ನಿಲ್ಲಿಸುತ್ತಾರೆ. ನೀಲಿ ಆರ್ಕಿಡ್ ಬಂದಿದ್ದರೆ ದಂಟು ಮುಟ್ಟಿ ಬೆರಳು ನೋಡಿಕೊಳ್ಳಿ. ಬೊಕೆ ಮನೆಗೆ ಬಂದ ಮೇಲೆ ಮಾಡಬೇಕಾದ್ದು ಇಷ್ಟು: ಸೆಲೊಫೇನ್ ಬಿಚ್ಚಬೇಕು, ದಂಟಿನ ಬುಡವನ್ನು ಎರಡು ಸೆಂಟಿಮೀಟರ್ ಓರೆಯಾಗಿ ಕತ್ತರಿಸಬೇಕು, ನೀರಲ್ಲಿ ಮುಳುಗುವ ಎಲೆ ಕೀಳಬೇಕು, ದಿನಾ ನೀರು ಬದಲಿಸಬೇಕು. ನಮ್ಮಲ್ಲಿ ಮಾಡುವುದು ಇಷ್ಟು: ಸೆಲೊಫೇನ್ ಸಮೇತ ಟಿವಿ ಪಕ್ಕ ಮಲಗಿಸಿ, ಮೂರನೇ ದಿನ ತೆಂಗಿನ ಬುಡಕ್ಕೆ ಹಾಕುವುದು. ಗಂಟಿನ ರಿಬ್ಬನನ್ನು ಮಾತ್ರ ಬಿಚ್ಚಿ, ಮಡಚಿ, ಕಪಾಟಿನಲ್ಲಿ ಜೋಪಾನ.

ಇಷ್ಟಕ್ಕೂ ಮೊದಲು ಹೂ ಮನೆ ಮುಟ್ಟಬೇಕಲ್ಲ. ‘ಮಿಡ್‌ನೈಟ್ ಡೆಲಿವರಿ’ ಎಂಬ ದುಬಾರಿ ಸೇವೆ ಇದೆ, ರಾತ್ರಿ 12ಕ್ಕೆ ಸರಿಯಾಗಿ ಬಂದು ಆಶ್ಚರ್ಯಪಡಿಸುತ್ತಾರಂತೆ. ಕರಾವಳಿಯಲ್ಲಿ ನಡುರಾತ್ರಿ ಬಾಗಿಲು ಬಡಿಯುವುದು ಸಾವಿನ ಸುದ್ದಿ ತಂದವರು ಅಥವಾ ಯಕ್ಷಗಾನದ ನಡುವೆ ನಿದ್ದೆ ಬಂದು ಮನೆಗೆ ಮರಳಿದ ಭಾವ. ಮೂರನೆಯವರು ಬಡಿದರೆ ಬಾಗಿಲು ತೆಗೆಯುವ ಕ್ರಮವಿಲ್ಲ. ಹಗಲು ಬಂದರೂ ಕತೆ ಬೇರೆಯಲ್ಲ.

‘ಅಮ್ಮಾ, ಪಾರ್ಸೆಲ್ ಉಂಟು, ಒಂದು ಒಟಿಪಿ ಬಂದಿರ್ತದೆ, ಹೇಳಿ.’

‘ಯಾರಿಗೂ ಹೇಳ್ಬಾರದು ಅಂತ ಬ್ಯಾಂಕಿನವರು ಹೇಳಿದ್ದಾರೆ ಮಾರಾಯ.’

‘ಇದು ಹೂವಿನ ಒಟಿಪಿ ಅಮ್ಮ.’

‘ಹೂವಿಗೆ ಎಂತ ಒಟಿಪಿ? ನಾನು ಹೂವು ಹೇಳ್ಲೇ ಇಲ್ಲ. ಹೋಗು ನೀನು.’

ಅಮ್ಮ ಮಾಡಿದ್ದರಲ್ಲಿ ಒಂದಿನಿತೂ ತಪ್ಪಿಲ್ಲ. ಪೊಲೀಸರೂ ಬ್ಯಾಂಕೂ ಇಷ್ಟು ವರ್ಷ ಕಲಿಸಿದ ಪಾಠ ಕೊನೆಗೂ ಫಲ ಕೊಟ್ಟದ್ದು ಸ್ವಂತ ಮಗನ ಉಡುಗೊರೆಯ ಮೇಲೆ.

ಇನ್ನು ಅಮ್ಮನಿಗೆ ನಿಜಕ್ಕೂ ಬೇಕಾದ ಹೂವಿನ ವಿಷಯ. ಉಡುಪಿ ಹತ್ತಿರದ ಕಟಪಾಡಿಯಿಂದ ಒಳಗೆ ಹೋದರೆ ಶಂಕರಪುರ. ಅಲ್ಲಿ ಬೆಳೆಯುವ ಮಲ್ಲಿಗೆಗೆ ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೆಳಗ್ಗೆ ಬೇಗ ಮೊಗ್ಗು ಕೊಯ್ಯುತ್ತಾರೆ, ಮನೆಮಂದಿಯೆಲ್ಲ ಕೂತು ಬಾಳೆನಾರಿನಲ್ಲಿ ಕಟ್ಟುತ್ತಾರೆ, ಹೂ ಮಾರುವ ಕಟ್ಟೆಗೆ ಒಯ್ಯುತ್ತಾರೆ. ದಿನದ ದರ ನಿಗದಿಯಾಗುವುದು ಆ ಕಟ್ಟೆಯಲ್ಲಿ. ಸುಮಾರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ, ಕೋಲ, ನೇಮದ ಕಾಲದಲ್ಲಿ ಹೂ ಕಡಿಮೆ ಬಿದ್ದರೆ ಅಟ್ಟೆಗೆ 2,100 ರೂಪಾಯಿ ಮುಟ್ಟಿದ್ದುಂಟು. ಶುಭಕಾರ್ಯ ಇಲ್ಲದ ಆಟಿ ತಿಂಗಳಲ್ಲಿ ಕೇಳುವವರಿಲ್ಲ. ಅತಿ ದುಬಾರಿಯ ದಿನ ಹಿಡಿದರೂ ಚೆಂಡಿಗೆ ಕಟ್ಟೆಯ ದರ 525 ರೂಪಾಯಿ, ಅಂಗಡಿಯವನ ಲಾಭ ಬೇರೆ. ಅಂದರೆ 24 ಹೆಬ್ಬೆರಳು ಗುಲಾಬಿಗೆ ಮಗ ಕಟ್ಟಿದ ದುಡ್ಡಿನ ಅರ್ಧದ ಆಸುಪಾಸಿನಲ್ಲಿ 800 ಮಲ್ಲಿಗೆ. ಬೆಳಗ್ಗೆ ಮೊಗ್ಗಾಗಿ ಬಂದದ್ದು ಸಂಜೆ ಅಮ್ಮನ ಮುಡಿಯಲ್ಲೇ ಅರಳುತ್ತದೆ.

ಈ ಹೂ ಮುಂಬಯಿಗೆ ಹೋಗುತ್ತದೆ, ವಿಮಾನ ಹತ್ತಿ ಗಲ್ಫಿಗೂ ಹೋಗುತ್ತದೆ. ಮಗ ಇರುವ ದುಬೈಗೆ ಶಂಕರಪುರದ ಮಲ್ಲಿಗೆ ತಲುಪುತ್ತದೆ, ಅಮ್ಮ ಇರುವ ಬಿಜೈಗೆ ಹೊಸೂರಿನ ಗುಲಾಬಿ. ಜಾಲತಾಣದಲ್ಲಿ ‘ಮಲ್ಲಿಗೆ’ ಎಂದು ಹುಡುಕಿದರೆ ಜಾಸ್ಮಿನ್ ವಾಸನೆಯ ಮೇಣದ ಬತ್ತಿ ಸಿಗುತ್ತದೆ. ನಾಗನಿಗೆ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಬೇಕೆಂದು ಹುಡುಕಿದರೆ ಚಾಕಲೇಟ್ ಹ್ಯಾಂಪರ್. ಒಡೆಯದ ಹಿಂಗಾರ ಬೇಕೆಂದರೆ ಅಡಿಕೆ ತೋಟ ಇದ್ದವರ ಪರಿಚಯ ಬೇಕು, ಪ್ರೀಮಿಯಂ ಸದಸ್ಯತ್ವ ಪ್ರಯೋಜನಕ್ಕಿಲ್ಲ. ಕ್ರೈಸ್ತರು ಆಚರಿಸುವ ಮರಿಯಮ್ಮನ ಹುಟ್ಟುಹಬ್ಬವಾದ ಮೊಂತಿ ಫೆಸ್ತಿಗೆ ಮಕ್ಕಳು ಗುಡ್ಡೆ ಹಿತ್ತಲು ಸುತ್ತಿ ಬುಟ್ಟಿ ತುಂಬಾ ಹೂ ತರುವುದು ಇನ್ನೂ ಈ ತಾಣದವರ ಕಣ್ಣಿಗೆ ಬಿದ್ದಿಲ್ಲ. ಬಿದ್ದ ವರ್ಷ ಸೆಪ್ಟೆಂಬರ್ 8ಕ್ಕೆ ‘ನೊವೆನಾ ಕಾಂಬೊ, ಬುಟ್ಟಿ ಸಹಿತ, ಮಗು ಪ್ರತ್ಯೇಕ’ ಎಂದು ಬರುವುದು ಗ್ಯಾರಂಟಿ.

ಸಾವಿನ ಮನೆಗೆ ಪುಷ್ಪಚಕ್ರ ಕಳಿಸುವವರು ಈ ದಾರಿ ಹಿಡಿಯಲೇಬಾರದು. ಇಗರ್ಜಿಯಲ್ಲಿ (ಚರ್ಚಿನಲ್ಲಿ) 4 ಗಂಟೆಗೆ ಪೂಜೆ ಎಂದರೆ 4 ಗಂಟೆಗೇ. ತಾಣದ ಸಮಯದ ಪಟ್ಟಿಯಲ್ಲಿ ಇರುವುದು ‘4ರಿಂದ 8ರ ಒಳಗೆ’. ಜತೆಗೆ ಕಾರ್ಡಿನ ಅಚಾತುರ್ಯದ ಭಯ ಬೇರೆ, ಒಂದೇ ಹುಡುಗ ಒಂದೇ ಚೀಲದಲ್ಲಿ ಹುಟ್ಟುಹಬ್ಬದ್ದನ್ನೂ ತರುತ್ತಿರುತ್ತಾನೆ. ಇಗರ್ಜಿ ಹತ್ತಿರದ ಹೂವಿನಂಗಡಿಗೆ ಫೋನ್ ಮಾಡಿ ಮೃತರ ಹೆಸರು, ಇಗರ್ಜಿಯ ಹೆಸರು ಹೇಳಿದರೆ ಸಾಕು. ಪೂಜೆಯ ಹೊತ್ತು ಅವರಿಗೆ ನಿಮಗಿಂತ ಮೊದಲೇ ಗೊತ್ತಿರುತ್ತದೆ.

ನಿಜವಾದ ಅಂಗಡಿ ಯಾವುದು ಎಂದು ಫೋನಿನಲ್ಲೇ ಪತ್ತೆ ಹಚ್ಚಬಹುದು. ನಂಬರ್ 0824ರಿಂದ ಶುರುವಾದರೆ ಅರ್ಧ ಗೆದ್ದಿರಿ, ಉಡುಪಿಯಾದರೆ 0820. 1800 ಇದ್ದರೆ ಅಲ್ಲಿಗೇ ಬಿಡಿ. ಮೊಬೈಲ್ ನಂಬರ್ ಆದರೆ ‘ನಿಮ್ಮ ಅಂಗಡಿ ಎದುರು ಎಂತ ಉಂಟು?’ ಎಂದು ಕೇಳಿ. ಊರಿನವರು ‘ಮೆಡಿಕಲ್ ಉಂಟು, ಅದರ ಪಕ್ಕ ಜೆರಾಕ್ಸ್’ ಎಂದು ಉಸಿರು ತೆಗೆದುಕೊಳ್ಳದೆ ಹೇಳುತ್ತಾರೆ. ಕಾಲ್ ಸೆಂಟರಿನವರು ‘ಸರ್, ಪಿನ್ ಕೋಡ್ ಹೇಳಿ’ ಎನ್ನುತ್ತಾರೆ. ಅದೂ ಸಾಲದಿದ್ದರೆ ‘ಇವತ್ತು ಅಟ್ಟೆಗೆ ಎಷ್ಟು?’ ಎಂದು ಕೇಳಿ. ಈ ಪ್ರಶ್ನೆಗೆ ಉತ್ತರ ಬರೆದುಕೊಟ್ಟ ಸ್ಕ್ರಿಪ್ಟ್ ಗುರುಗ್ರಾಮದಲ್ಲಿ ಇನ್ನೂ ತಯಾರಾಗಿಲ್ಲ.

ಅಂಗಡಿ ಸಿಕ್ಕಿದ ಮೇಲೆ ಹಿಂದಿನ ದಿನವೇ ಹೇಳಿಡಿ. ಚೌತಿ, ನವರಾತ್ರಿ, ವರಮಹಾಲಕ್ಷ್ಮಿ ವ್ರತವಾದರೆ ಎರಡು ದಿನ ಮೊದಲು. ಶಂಕರಪುರದ್ದೋ ಭಟ್ಕಳದ್ದೋ ಎಂದು ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಇದ್ದದ್ದು ಬರುತ್ತದೆ. ಬಾಳೆಲೆ ಬಿಚ್ಚದೆ ಕಳಿಸಲು ಹೇಳಿ, ಪ್ಲಾಸ್ಟಿಕ್ ಚೀಲದಲ್ಲಿ ಬೆವರಿದರೆ ಸಂಜೆಯೊಳಗೆ ಕಂದುತ್ತದೆ. ವಿಳಾಸಕ್ಕೆ ಮನೆ ನಂಬರ್ ಕೊಟ್ಟು ಕೈತೊಳೆದುಕೊಳ್ಳಬೇಡಿ, ನಮ್ಮೂರಿನಲ್ಲಿ ಮನೆ ನಂಬರ್ ಗೊತ್ತಿರುವುದು ಪಾಲಿಕೆಗೆ ಮಾತ್ರ. ಅಪ್ಪನ ಹೆಸರು, ಮೊದಲು ಎಲ್ಲಿ ಕೆಲಸದಲ್ಲಿದ್ದರು, ಹತ್ತಿರದ ದೈವಸ್ಥಾನವೋ ಇಗರ್ಜಿಯೋ ಮಸೀದಿಯೋ, ಇಷ್ಟು ಕೊಟ್ಟರೆ ರಿಕ್ಷಾದವರು ಕಣ್ಣುಮುಚ್ಚಿ ತಲುಪಿಸುತ್ತಾರೆ. ದುಡ್ಡು ಯುಪಿಐಯಲ್ಲಿ ಹಾಕಿದರಾಯಿತು, ರಿಕ್ಷಾ ಬಾಡಿಗೆ ಸೇರಿಸಿ.

ಆಗಲೇ ತಾಣದಲ್ಲಿ ದುಡ್ಡು ಕಟ್ಟಿ ಕೈ ಸುಟ್ಟುಕೊಂಡವರಿಗೆ ಕಾನೂನೂ ಉಂಟು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಅವರು ತಮ್ಮ ಕಂಪನಿಯ ನಿಜ ಹೆಸರು, ಕಚೇರಿಯ ವಿಳಾಸ, ದೂರು ಅಧಿಕಾರಿಯ ಹೆಸರು ಪುಟದಲ್ಲಿ ಹಾಕಲೇಬೇಕು. ದೂರು ಮುಟ್ಟಿದೆ ಎಂದು 48 ಗಂಟೆಯಲ್ಲಿ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಜಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915. ಬೊಕೆ ಬಂದ ಕೂಡಲೇ ಬಿಲ್ಲಿನ ಜತೆ ಇಟ್ಟು ಫೋಟೊ ತೆಗೆದಿಡಿ. ಮರುದಿನದ ಫೋಟೊ ಕಳಿಸಿದರೆ ‘ಹೂ ಬಾಡುವುದು ಸಹಜ ಪ್ರಕ್ರಿಯೆ’ ಎಂಬ ಸಸ್ಯಶಾಸ್ತ್ರ ಕಲಿಸುತ್ತಾರೆ. ಹಠ ಹಿಡಿದು ನಾಲ್ಕು ಸಲ ಬರೆದರೆ ಕ್ಷಮೆ ಕೇಳಿ ಮುಂದಿನ ಖರೀದಿಗೆ ಶೇ. 20 ರಿಯಾಯಿತಿಯ ಕೂಪನ್ ಕಳಿಸುತ್ತಾರೆ, ಅವಧಿ 30 ದಿನ. ಅಷ್ಟರೊಳಗೆ ಅಪ್ಪ ಅಮ್ಮ ಇನ್ನೊಂದು ಸಲ ಮದುವೆಯಾದರೆ ಬಳಸಿಕೊಳ್ಳಬಹುದು.