ಪ್ಲಾಸ್ಟಿಕ್‌ಗೆ ಕರೆಂಟ್ ಹರಿಯಲ್ವಾ? ಸತ್ಯಾಂಶ ಇಲ್ಲಿದೆ

ದಾವಣಗೆರೆಯ ನಮ್ಮ ಬಡಾವಣೆಯ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯುವುದೇ ಇಲ್ಲ, ಯಾವ ಪ್ಲಾಸ್ಟಿಕ್ ಕೋಲಿನಿಂದ ವೈರ್ ಮುಟ್ಟಿದರೂ ಭಯವಿಲ್ಲ.' ಇದು ತಪ್ಪು, ಅಪಾಯ ಕೂಡ.

ಬಕೆಟ್ಟಿನ ಪ್ಲಾಸ್ಟಿಕ್ ಕರೆಂಟ್ ತಡೆಯುತ್ತದೆ, ನಿಜ. ಆದರೆ ಅದಕ್ಕೆ ಕಾರ್ಬನ್ ಪುಡಿ ಬೆರೆಸಿದರೆ ಕಥೆಯೇ ಬೇರೆ. ಪುಡಿ ಕಡಿಮೆಯಿದ್ದಾಗ ಕಣಗಳು ದೂರ ದೂರ ಇರುತ್ತವೆ, ಕರೆಂಟಿಗೆ ದಾರಿಯಿಲ್ಲ. ಒಂದು ಮಟ್ಟ ದಾಟಿತೋ, ಕಣಗಳು ಒಂದಕ್ಕೊಂದು ತಾಗಿ ಸರಪಳಿಯಾಗುತ್ತವೆ. ಆಗ ಕರೆಂಟ್ ಹರಿಯುವಿಕೆ ಥಟ್ಟನೆ ಸಾವಿರಾರು ಪಟ್ಟು ಏರುತ್ತದೆ. ಪುಡಿಯ ಬದಲು ಕಾರ್ಬನ್ ನ್ಯಾನೊಟ್ಯೂಬ್ (ಕಾರ್ಬನ್ನಿನ ಅತಿ ಸೂಕ್ಷ್ಮ ಕೊಳವೆ) ಆದರೆ ತೀರಾ ಸ್ವಲ್ಪ ಸಾಕು. ಅದು ಎಳೆಯಂತೆ ಉದ್ದ, ಬೇಗ ಹೆಣೆದುಕೊಳ್ಳುತ್ತದೆ. ಹತ್ತಿ ಮಿಲ್ಲುಗಳ ಊರಿನವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ, ಅಲ್ವಾ?

ಕಾರ್ಬನ್ ಪುಡಿ ಬೆರೆಸದೆಯೂ ಕರೆಂಟ್ ಹರಿಸುವ ಪಾಲಿಮರ್ (ಪ್ಲಾಸ್ಟಿಕ್ ಜಾತಿಯ ವಸ್ತು) ಕೂಡ ಇದೆ. ಅದನ್ನು ಕಂಡುಹಿಡಿದ ವಿಜ್ಞಾನಿಗಳಾದ ಹೀಗರ್, ಮ್ಯಾಕ್‌ಡಯರ್ಮಿಡ್, ಶಿರಕಾವಾ ಅವರಿಗೆ 2000ರಲ್ಲಿ ನೊಬೆಲ್ ಸಿಕ್ಕಿತು.

ಹಗುರ, ಗಟ್ಟಿ ಎಂದು ಹೆಸರಾದ ಕಾರ್ಬನ್ ಫೈಬರ್ ಕೋಲು ನೋಡಲು ಪ್ಲಾಸ್ಟಿಕ್ಕಿನಂತೆಯೇ ಇರುತ್ತದೆ. ಆದರೆ ಅದರೊಳಗಿನ ಕಾರ್ಬನ್ ಎಳೆಗಳು ಕರೆಂಟ್ ಹರಿಸುತ್ತವೆ, ಕರೆಂಟ್ ಲೈನಿಗೆ ತಾಗಿದರೆ ಶಾಕ್ ಹೊಡೆಯುತ್ತದೆ.